ಗೋಧಿ ಪ್ರೋಟೀನ್ ಪರೀಕ್ಷಾ ಸೇವೆ: ಅಳತೆ ಸರಿ, ದರ್ಜೆ ಸರಿಯಿಲ್ಲ

ಕಾಳು ತುಂಬುವ ಹಂತದಲ್ಲಿ ಬಿಸಿಲಿಗೂ ನೀರಿನ ಕೊರತೆಗೂ ಸಿಕ್ಕಿದ ಗೋಧಿಯ ಮಾದರಿಯನ್ನು ಈ ಖಾಸಗಿ ಪ್ರಯೋಗಾಲಯಕ್ಕೆ ಕೊಟ್ಟಿದ್ದೆ. ಇನ್‌ಫ್ರಾರೆಡ್ ಯಂತ್ರದಲ್ಲಿ ತೇವಾಂಶ ಮತ್ತು ಪ್ರೋಟೀನ್ ಅಳೆಯುವ ಕೆಲಸ ಅಚ್ಚುಕಟ್ಟಾಗಿ ನಡೆಯಿತು. ಸಿಬ್ಬಂದಿಯ ಸೌಜನ್ಯದ ಬಗ್ಗೆಯೂ ಎರಡು ಮಾತಿಲ್ಲ.

ಆದರೆ ಪ್ರೋಟೀನ್ ಪ್ರಮಾಣ ಹೆಚ್ಚಿದೆ ಎಂಬ ಒಂದೇ ಕಾರಣಕ್ಕೆ ವರದಿಯಲ್ಲಿ ‘ಉತ್ತಮ’ ಎಂಬ ದರ್ಜೆ ಕೊಟ್ಟಿರುವುದನ್ನು ನಾನು ಒಪ್ಪಲಾರೆ. ತಾಪಮಾನ 30 ಡಿಗ್ರಿ ಸೆಲ್ಸಿಯಸ್ ಮೀರಿದಾಗ ಪಿಷ್ಟದ ಶೇಖರಣೆ ಪ್ರೋಟೀನಿಗಿಂತ ಹೆಚ್ಚು ಕುಗ್ಗುವುದರಿಂದ, ಕಾಳು ಸೊರಗಿದ್ದರೂ ಪ್ರೋಟೀನಿನ ಶೇಕಡಾವಾರು ಏರಿದಂತೆ ಕಾಣುತ್ತದೆ. ಬರವೂ ಕಾಳು ತುಂಬುವ ಅವಧಿಯನ್ನು ಮೊಟಕುಗೊಳಿಸಿ ಇದೇ ಪರಿಣಾಮವನ್ನು ಉಂಟುಮಾಡುತ್ತದೆ. ತೀವ್ರ ತಾಪದಲ್ಲಂತೂ ಹಿಟ್ಟಿಗೆ ಹಿಗ್ಗುವ ಗುಣ ಕೊಡುವ ಪ್ರೋಟೀನಾದ ಗ್ಲಿಯಾಡಿನ್‌ಗೆ ಹೋಲಿಸಿದರೆ ಬಿಗುವು ಕೊಡುವ ಪ್ರೋಟೀನಾದ ಗ್ಲುಟೆನಿನ್ ಪಾಲು ಇಳಿದು, ಉದ್ದನೆಯ ಸರಪಳಿಗಳಾಗಿ ಹೆಣೆದುಕೊಳ್ಳಬೇಕಾದ ಅಣುಗಳು ಚಿಕ್ಕವಾಗಿಯೇ ಉಳಿದು, ನಾದಿದ ಹಿಟ್ಟಿನ ಬಿಗುವು ಕಡಿಮೆಯಾಗಬಹುದು. ಈ ಮಾದರಿಯ ಹಿಟ್ಟನ್ನು ಎಳೆದಾಗ ಸುಲಭವಾಗಿ ಹಿಗ್ಗಿತೇ ಹೊರತು ಹಿಂದಕ್ಕೆ ಸೆಳೆದುಕೊಳ್ಳಲಿಲ್ಲ.

ಒತ್ತಾಯಿಸಿದ ಮೇಲೆ, ದ್ರವದಲ್ಲಿ ಹಿಟ್ಟಿನ ಗಸಿ ಎಷ್ಟು ಉಬ್ಬಿ ನಿಲ್ಲುತ್ತದೆ ಎಂಬುದರಿಂದ ಪ್ರೋಟೀನಿನ ಗುಣಮಟ್ಟವನ್ನು ಅಳೆಯುವ ಸೆಡಿಮೆಂಟೇಷನ್ ಪರೀಕ್ಷೆಯನ್ನೂ ಮಾಡಿಕೊಟ್ಟರು. ಕೊಳವೆಯಲ್ಲಿ ಉಬ್ಬಿ ಮೇಲೇರಬೇಕಿದ್ದ ಹಿಟ್ಟಿನ ಗಸಿ ತಳದಲ್ಲೇ ನಿಂತಿತ್ತು. ಬೇಸಿಗೆ ಕಠಿಣವಾಗಿದ್ದ ವರ್ಷದ ಗೋಧಿಯಾದರೆ ಈ ಪರೀಕ್ಷೆಯನ್ನು ಮೊದಲೇ ಕೇಳಿ ಮಾಡಿಸಿಕೊಳ್ಳುವುದು ಒಳ್ಳೆಯದು.