36 ಇಂಚಿನ ಪೆಟ್ರೋಲ್ ಪವರ್ ಟ್ರೋವೆಲ್: ಕೊಳ್ಳಬಹುದು, ಆದರೆ ಇಷ್ಟು ತಿಳಿದಿರಲಿ

ಪವರ್ ಟ್ರೋವೆಲ್ ಎಂದರೆ ಹಸಿ ಕಾಂಕ್ರೀಟ್ ನೆಲವನ್ನು ಸುತ್ತುವ ಬ್ಲೇಡುಗಳಿಂದ ಉಜ್ಜಿ ನಯ ಮಾಡುವ ಮಶಿನ್. ಗೋಡೌನ್, ಶೆಡ್ಡು, ಪಾರ್ಕಿಂಗ್ ನೆಲದ ಕೆಲಸ ಹಿಡಿಯುವವರು ಮೊದಲು ಕೊಳ್ಳುವ ಪೆಟ್ರೋಲ್ ಮಶಿನ್ ಸಾಮಾನ್ಯವಾಗಿ ಇದೇ: 36 ಇಂಚಿನ ರಿಂಗು, ಒಳಗೆ ನಾಲ್ಕು ಬ್ಲೇಡು, ಹಿಂದೆ ನಿಂತು ನಡೆಸುವ ಹ್ಯಾಂಡಲ್, ಮೇಲೆ ಹೋಂಡಾ ಜಿಎಕ್ಸ್160 ಎಂಜಿನ್. ಹೆಸರು ಹತ್ತಾರಿದ್ದರೂ ಒಳಗಿನ ರಚನೆ ಬಹುಮಟ್ಟಿಗೆ ಒಂದೇ. ಹಾಗಾಗಿ ಇದು ಒಂದು ಕಂಪನಿಯ ವಿಮರ್ಶೆಯಲ್ಲ, ಈ ಜಾತಿಯ ಮಶಿನ್‌ನದು. ಹೋಲಿಕೆಗೆ ಇಟ್ಟುಕೊಂಡದ್ದು ಟ್ರಿಮಿಕ್ಸ್ (ಹಸಿ ಕಾಂಕ್ರೀಟಿನ ಹೆಚ್ಚುವರಿ ನೀರನ್ನು ಪಂಪಿನಿಂದ ಹೀರಿ ತೆಗೆಯುವ ನೆಲ) ತಂಡಗಳ ಬಳಿ ಇರುವ 3 ಎಚ್‌ಪಿ ತ್ರೀ-ಫೇಸ್ ಫ್ಲೋಟರ್, ಅಂದರೆ ಇದೇ ಕೆಲಸದ ಕರೆಂಟ್ ಮಶಿನ್.

ಎಂಜಿನ್ ಬಗ್ಗೆ ದೂರಿಲ್ಲ. 163 ಸಿಸಿ, 3,600 ಆರ್‌ಪಿಎಂನಲ್ಲಿ 4.8 ಎಚ್‌ಪಿ; ಇದನ್ನೇ ಅಂಗಡಿಯವರು ಇಂದಿಗೂ '5.5 ಎಚ್‌ಪಿ' ಎನ್ನುತ್ತಾರೆ. ಟ್ಯಾಂಕಿಗೆ 3.1 ಲೀಟರ್ ಹಿಡಿಯುತ್ತದೆ, ಪೂರ್ತಿ ವೇಗದಲ್ಲಿ ಎರಡು ಗಂಟೆಯ ಓಟ. ನೆಲದ ಮೇಲಿನ ಒಂದು ಸುತ್ತು ಮುಗಿಯುವ ಮೊದಲೇ ಖಾಲಿಯಾದರೆ ಹಸಿ ನೆಲದ ನಡುವೆ ಕ್ಯಾನ್ ಹಿಡಿದು ನಿಲ್ಲಬೇಕಾಗುತ್ತದೆ, ಚೆಲ್ಲಿದ ಪೆಟ್ರೋಲಿನ ಕಲೆ ನೆಲದಲ್ಲೇ ಉಳಿಯುತ್ತದೆ. ಆದ್ದರಿಂದ ಪ್ರತಿ ಸುತ್ತಿಗೂ ಮುನ್ನ ಹೊರಗೇ ತುಂಬಿಸಿ. ಇದೇ ಬಣ್ಣ, ಇದೇ ಆಕಾರದ ನಕಲಿ ಎಂಜಿನ್ ಕೂರಿಸಿದ ಮಶಿನ್‌ಗಳೂ ಇರುತ್ತವೆ. ಬಿಲ್ಲಿನಲ್ಲಿ ಎಂಜಿನ್ ನಂಬರ್ ಬರೆಸಿಕೊಂಡು, ಎಂಜಿನ್ ಮೇಲೆ ಕೊರೆದ ನಂಬರಿಗೆ ತಾಳೆ ನೋಡಿ.

ಕರೆಂಟ್ ಫ್ಲೋಟರ್‌ಗಿಂತ ಇದು ಗೆಲ್ಲುವುದು ವೇಗದ ಹಿಡಿತದಲ್ಲಿ. ಥ್ರಾಟಲ್ ತಗ್ಗಿಸಿದರೆ ರೋಟರ್ (ಬ್ಲೇಡುಗಳನ್ನು ಸುತ್ತಿಸುವ ಭಾಗ) ನಿಮಿಷಕ್ಕೆ 60-70 ಸುತ್ತಿಗೆ ಇಳಿಯುತ್ತದೆ, ಏರಿಸಿದರೆ 120-130ಕ್ಕೆ ಹೋಗುತ್ತದೆ. ಫ್ಲೋಟಿಂಗಿಗೆ, ಅಂದರೆ ಹಸಿ ನೆಲವನ್ನು ಮೊದಲು ಒರಟಾಗಿ ಸಮ ಮಾಡುವುದಕ್ಕೆ, ನಿಧಾನ ಬೇಕು, ಕೊನೆಯ ಪಾಲಿಶಿಗೆ ವೇಗ ಬೇಕು. ಕರೆಂಟಿನವುಗಳಲ್ಲಿ ಹೆಚ್ಚಿನವು ಒಂದೇ ವೇಗದವು, ಜೊತೆಗೆ ಹಸಿ ನೆಲದ ಮೇಲೆ ಕೇಬಲ್ ಎಳೆದ ಗೆರೆ ಬೇರೆ. ಆದರೆ ನಾಲ್ಕೂ ಕಡೆ ಮುಚ್ಚಿದ ಗೋಡೌನ್‌ನಲ್ಲಿ, ಬೇಸ್‌ಮೆಂಟಿನಲ್ಲಿ ಪೆಟ್ರೋಲ್ ಮಶಿನ್ ಓಡಿಸಲೇಬೇಡಿ. ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯಿಲ್ಲ, ತಲೆ ಸುತ್ತುವ ಹೊತ್ತಿಗೆ ತಡವಾಗಿರುತ್ತದೆ. ಅಲ್ಲಿ ಕರೆಂಟಿನದೇ ಸರಿ.

ಇನ್ನು ಬ್ಲೇಡು. ಈ ಅಳತೆಗೆ ಕೊನೆಯ ನಯಕ್ಕೆ ಫಿನಿಶ್ ಬ್ಲೇಡು 6×14 ಇಂಚು, ಎರಡೂ ಕೆಲಸಕ್ಕೆ ಕಾಂಬಿನೇಶನ್ 8×14, ಫ್ಲೋಟಿಂಗಿಗೆ ಫ್ಲೋಟ್ 10×14. ಒಂದೇ ಸೆಟ್ ಕೊಳ್ಳುವುದಾದರೆ ಕಾಂಬಿನೇಶನ್ ಸಾಕು ಎನ್ನುವವರಿದ್ದಾರೆ. ಅದಕ್ಕಿಂತ ಫಿನಿಶ್ ಬ್ಲೇಡು ಮತ್ತು ಅದರ ಕೆಳಗೆ ಸಿಕ್ಕಿಸುವ ತಟ್ಟೆ (ಫ್ಲೋಟ್ ಪ್ಯಾನ್) ತೆಗೆದುಕೊಳ್ಳುವುದು ಒಳ್ಳೆಯದು. ತಟ್ಟೆ ಭಾರವನ್ನು ಹರಡುವುದರಿಂದ ಉಬ್ಬು ತಗ್ಗುತ್ತದೆ, ತಗ್ಗು ತುಂಬುತ್ತದೆ. ಫಿನಿಶ್ ಬ್ಲೇಡನ್ನೇ ಬರಿದಾಗಿ ಫ್ಲೋಟಿಂಗಿಗೆ ಇಳಿಸಿದರೆ ಅಂಚು ಕಚ್ಚಿ, ಅರ್ಧಚಂದ್ರದ ಗೆರೆಗಳು ಬೀಳುತ್ತವೆ. ಹಾಗೆಂದು ತಟ್ಟೆಯಿಂದ ಮಟ್ಟ ಬರುತ್ತದೆಂದು ನೆಚ್ಚಬೇಡಿ. ಸ್ಕ್ರೀಡ್ ಹೊಡೆಯುವಾಗ (ಸುರಿದ ಕಾಂಕ್ರೀಟನ್ನು ಪಟ್ಟಿಯಿಂದ ಎಳೆದು ಮಟ್ಟ ಮಾಡುವಾಗ) ಅರ್ಧ ಇಂಚು ತಪ್ಪಿದ್ದರೆ ಅದು ಹೊಳೆಯುವ ಅರ್ಧ ಇಂಚಿನ ತಗ್ಗಾಗುತ್ತದೆ ಅಷ್ಟೆ.

ಮಶಿನ್ ಯಾವಾಗ ಇಳಿಸಬೇಕು ಎನ್ನುವಲ್ಲೇ ಹೆಚ್ಚಿನ ನೆಲಗಳು ಹಾಳಾಗುವುದು. ಕಾಂಕ್ರೀಟಿನ ನೀರು ಮೇಲೆ ಬಂದು ಮಿನುಗುವಷ್ಟು ಹೊತ್ತು ಕೈಯಿಡಬಾರದು. ಮಿನುಗು ಆರಿದ ಮೇಲೆ ಗಂಬೂಟು ಹಾಕಿ ನಿಂತು ನೋಡಿ: ಹೆಜ್ಜೆ 5-6 ಮಿ.ಮೀ. ಇಳಿದರೆ ತಟ್ಟೆಗೆ ಹೊತ್ತು, 2-3 ಮಿ.ಮೀ. ಮಾತ್ರ ಇಳಿದು ಬೆರಳಿಗೆ ಸಿಮೆಂಟ್ ಹಾಲು ಅಂಟದಿದ್ದರೆ ಬ್ಲೇಡಿಗೆ ಹೊತ್ತು. ಗಡಿಯಾರ ನಂಬುವಂತಿಲ್ಲ. ಕೆಳಗೆ ಪಾಲಿಥೀನ್ ಹಾಳೆ ಹಾಸಿದ್ದರೆ ನೀರೆಲ್ಲ ಮೇಲಕ್ಕೇ ಬರಬೇಕು, ಕಾಯುವುದು ಹೆಚ್ಚು. ಸ್ಲ್ಯಾಗ್ ಸಿಮೆಂಟಾದರೆ ಇನ್ನೂ ನಿಧಾನ. ಡಿಸೆಂಬರಿನ ಬೆಂಗಳೂರಿನಲ್ಲಿ ಸಂಜೆ ಸುರಿದ ನೆಲಕ್ಕೆ ನಡುರಾತ್ರಿ ಮಶಿನ್ ಇಳಿಸಬೇಕಾಗಬಹುದು. ಕಲಬುರಗಿ, ರಾಯಚೂರಿನ ಬೇಸಿಗೆ ಇದಕ್ಕೆ ತಿರುಗುಮುರುಗು: ಒಣಗಾಳಿಗೆ ಮೇಲೆ ತೊಗಟೆ ಕಟ್ಟಿ, ಒಳಗೆ ಹಸಿಯೇ ಇರುತ್ತದೆ. ಆಗ ಮಶಿನ್ ಹೋದಲ್ಲೆಲ್ಲ ನೆಲ ರಬ್ಬರಿನಂತೆ ತೂಗುತ್ತದೆ. ಅಲ್ಲಿ ರಾತ್ರಿ ಸುರಿಯುವುದು, ಗಾಳಿ ಬರುವ ಕಡೆ ಟಾರ್ಪಾಲು ಕಟ್ಟುವುದು ಬಿಟ್ಟರೆ ಮಶಿನ್‌ನಿಂದ ಉಪಾಯವಿಲ್ಲ.

ಬೇಗ ಇಳಿಸಿದರೆ ಆಗುವುದಿಷ್ಟು: ಮೇಲ್ಪದರ ಮುಚ್ಚಿಕೊಂಡು, ಕೆಳಗಿನ ನೀರು ಗಾಳಿ ಹೊರಬರಲಾರದೆ ಪದರದಡಿ ನಿಲ್ಲುತ್ತದೆ. ಅಂದು ನೆಲ ಕನ್ನಡಿಯಂತಿರುತ್ತದೆ. ಓಡಾಟ ಶುರುವಾದ ಮೇಲೆ 3ರಿಂದ 6 ಮಿ.ಮೀ. ದಪ್ಪದ ಹಪ್ಪಳ ಏಳುತ್ತದೆ. ಏಳುವ ಮೊದಲೇ ಕಂಡುಹಿಡಿಯಲು ಸುತ್ತಿಗೆಯಿಂದ ಮೆಲ್ಲಗೆ ಬಡಿಯಿರಿ, ಟೊಳ್ಳು ಸದ್ದು ಬರುವ ಕಡೆ ಪದರ ಬಿಟ್ಟಿದೆ. ತಡವಾದಾಗ ನೀರು ಚಿಮುಕಿಸಿ ಉಜ್ಜುವುದು, ನೀರು ಆರದಾಗ ಒಣ ಸಿಮೆಂಟ್ ಎರಚುವುದು ಮೇಸ್ತ್ರಿಗಳ ಹಳೆಯ ಕೈಚಳಕ. ಮೊದಲನೆಯದರಿಂದ ನೆಲ ಧೂಳು ಬಿಡುತ್ತದೆ, ಎರಡನೆಯದರಿಂದ ಜೇಡರಬಲೆಯಂಥ ಬಿರುಕು.

ಗೋಡೆ, ಕಂಬದ ಅಂಚು ಬೇಗ ಬಿಗಿಯುತ್ತದೆ, ಅಲ್ಲಿಗೆ ರಿಂಗು ಮುಟ್ಟುವುದೂ ಇಲ್ಲ. ಮೊದಲು ಕರಣೆಯಿಂದ ಕೈಯಲ್ಲೇ ಮುಗಿಸಿ. ತಟ್ಟೆಯ ಸುತ್ತಾದ ಮೇಲೆ ಅದನ್ನು ತೆಗೆದು, ಬ್ಲೇಡಿನ ಓರೆ ಸ್ವಲ್ಪವೇ ಏರಿಸಿ. ಪ್ರತಿ ಸುತ್ತಿಗೂ ಓರೆ ಸ್ವಲ್ಪ ಹೆಚ್ಚು, ಹಿಂದಿನ ಸುತ್ತಿಗೆ ಅಡ್ಡಲಾಗಿ, ಅರ್ಧ ಅಗಲ ಹಳೆಯ ಜಾಡಿನ ಮೇಲೆ ಬರುವಂತೆ. ಒಮ್ಮೆಲೇ ಓರೆ ಏರಿಸಿದರೆ ಭಾರವೆಲ್ಲ ಅಂಚಿಗೆ ಬಿದ್ದು ನೆಲ ಅಲೆಅಲೆಯಾಗುತ್ತದೆ. ಕೊನೆಯ ಸುತ್ತು ಹಿಂದಕ್ಕೆ ನಡೆಯುತ್ತ, ಹೆಜ್ಜೆಗುರುತು ಅಳಿಯುವಂತೆ. ಮಶಿನ್ ತಳ್ಳುವ ಅಗತ್ಯವಿಲ್ಲ: ಬಲಕ್ಕೆ ಸುತ್ತುವ ರೋಟರಿನಲ್ಲಿ ಹ್ಯಾಂಡಲ್ ತುಸು ಎತ್ತಿದರೆ ಎಡಕ್ಕೆ, ಒತ್ತಿದರೆ ಬಲಕ್ಕೆ ತಾನೇ ಸರಿಯುತ್ತದೆ. ತೋಳು ನೋಯುತ್ತಿದ್ದರೆ ಹೊಸಬರು ಅದರೊಡನೆ ಕುಸ್ತಿ ಆಡುತ್ತಿದ್ದಾರೆಂದೇ ಅರ್ಥ.

ಫ್ಲೋರ್ ಹಾರ್ಡ್‌ನರ್ (ನೆಲದ ಮೇಲ್ಪದರ ಗಟ್ಟಿಯಾಗಲು ಹಸಿಯಿದ್ದಾಗಲೇ ಎರಚುವ ಪುಡಿ) ಹಾಕುವುದಾದರೆ ಚದರ ಮೀಟರಿಗೆ 3ರಿಂದ 5 ಕೆ.ಜಿ. ಲೆಕ್ಕ, 1,000 ಚದರಡಿಗೆ 5 ಕೆ.ಜಿ.ಯಂತೆ 25 ಕೆ.ಜಿ.ಯ 19 ಚೀಲ. ಮೂರರಲ್ಲಿ ಎರಡು ಪಾಲು ಮೊದಲು ಎರಚಿ, ಕೆಳಗಿನ ತೇವ ಹೀರಿ ಪುಡಿಯ ಬಣ್ಣ ಕಪ್ಪಾದ ಮೇಲೆ ತಟ್ಟೆ ಓಡಿಸಿ, ಉಳಿದ ಪಾಲನ್ನು ಅಡ್ಡದಿಕ್ಕಿಗೆ ಎರಚಿ.

ಮಶಿನ್‌ನ ನಿಜವಾದ ದೌರ್ಬಲ್ಯ ಬ್ಲೇಡುಗಳನ್ನು ಹಿಡಿದಿರುವ ತೋಳುಗಳು. ಟೆಂಪೋದಿಂದ ಇಳಿಸುವಾಗ ಒಂದು ತೋಳು ತುಸು ಬಾಗಿದರೂ ಸಾಕು, ಹ್ಯಾಂಡಲ್ ಕೈಯಲ್ಲಿ ಓಲಾಡತೊಡಗುತ್ತದೆ. ತೋಳು ಕೂರುವ ಬಳೆ (ಬುಷ್) ಸವೆದರೂ ಇದೇ ಲಕ್ಷಣ. ಬ್ಲೇಡು ಸವೆದಾಗ ನಾಲ್ಕನ್ನೂ ಒಟ್ಟಿಗೆ ಬದಲಿಸಬೇಕು. ಕೆಲಸ ಮುಗಿದ ಕೂಡಲೇ ತೊಳೆಯದಿದ್ದರೆ ಗ್ರೀಸ್ ನಿಪ್ಪಲ್ ಮುಚ್ಚಿ, ಓರೆ ಬದಲಿಸುವ ತಿರುಪೇ ಬಿಗಿದುಕೊಳ್ಳುತ್ತದೆ. ಎಂಜಿನ್ ಆಯಿಲ್ ಮೊದಲ 20 ಗಂಟೆ ಓಡಿದ ಮೇಲೆ ಒಮ್ಮೆ, ಆಮೇಲೆ 100 ಗಂಟೆಗೊಮ್ಮೆ ಬದಲಿಸಿ. ಹಿಡಿಯುವುದು ಸುಮಾರು 600 ಮಿ.ಲೀ. ಎಂಜಿನ್ ಇದ್ದಕ್ಕಿದ್ದಂತೆ ನಿಂತು ಮತ್ತೆ ಶುರುವಾಗದಿದ್ದರೆ ಕಾರ್ಬ್ಯುರೇಟರ್ ಬಿಚ್ಚುವ ಮೊದಲು ಆಯಿಲ್ ನೋಡಿ. ಆಯಿಲ್ ಅಲರ್ಟ್ ಇರುವ ಎಂಜಿನ್ ಆಯಿಲ್ ಇಳಿದರೆ ತಾನೇ ನಿಲ್ಲುತ್ತದೆ.

ಕೈಬಿಟ್ಟರೆ ಮಶಿನ್ ನಿಲ್ಲಿಸುವ ಲಿವರ್ ಇಲ್ಲದ ಮಾಡೆಲ್ ಎಷ್ಟೇ ಅಗ್ಗವಾದರೂ ಬೇಡ. ಆ ಲಿವರಿಗೆ ತಂತಿ ಸುತ್ತಿ ಕಟ್ಟಿದ ಬಾಡಿಗೆ ಮಶಿನ್ ಬಂದರೆ ಹಾಗೆಯೇ ವಾಪಸ್ ಕಳಿಸಿ. ಬ್ಲೇಡು ಸಿಕ್ಕಿಕೊಂಡ ಗಳಿಗೆಯಲ್ಲಿ ರೋಟರ್ ನಿಂತು ಹ್ಯಾಂಡಲ್ ಗಿರ್ರನೆ ಸುತ್ತುತ್ತದೆ, ಕಾಲು ಮುರಿಯಲು ಅರ್ಧ ಸುತ್ತು ಸಾಕು.

ಮನೆಯ ತಾರಸಿಗೆ ಈ ಮಶಿನ್ ತರಬೇಡಿ. ಮೇಲೆ ವಾಟರ್‌ಪ್ರೂಫಿಂಗ್ ಗಾರೆ ಹಿಡಿಯಲು ಒರಟುತನವೇ ಬೇಕು. ರ‍್ಯಾಂಪಿಗೆ ಪೊರಕೆ ಗೆರೆಯೇ ಸರಿ. ಕೊಡಗು, ಚಿಕ್ಕಮಗಳೂರಿನ ಕಾಫಿ ಕಣಗಳಿಗೆ ಚೆನ್ನಾಗಿ ಒಗ್ಗುತ್ತದೆ, ಆದರೆ ಬ್ಲೇಡಿನ ಎರಡನೇ ಸುತ್ತಿಗೇ ನಿಲ್ಲಿಸಿ. ಹೊಳಪು ಬಂದ ಕಣದ ಮೇಲೆ ಮಳೆ ಬಿದ್ದರೆ ಕಾಫಿ ಗೋರುವವರು ಜಾರುತ್ತಾರೆ.