ಬಿಜಿ-2 ಹತ್ತಿ ಬೀಜದ 475 ಗ್ರಾಂ ಪೊಟ್ಟಣ: ಕೊಟ್ಟ ಹಣಕ್ಕೆ ಸಿಗುವುದೇನು?

ಪೊಟ್ಟಣದ ಮೇಲೆ ಯಾವ ಕಂಪನಿಯ ಹೆಸರಿದ್ದರೂ ಬಿಜಿ-2 (ಬೋಲ್‌ಗಾರ್ಡ್-2) ಎಂದರೆ ಒಳಗಿರುವುದು 2006ರಲ್ಲಿ ಜಿಇಎಸಿ, ಅಂದರೆ ಕುಲಾಂತರಿ ಬೆಳೆಗಳಿಗೆ ಒಪ್ಪಿಗೆ ಕೊಡುವ ಕೇಂದ್ರದ ಸಮಿತಿ, ಒಪ್ಪಿದ ಅವೇ ಎರಡು ಜೀನುಗಳು: ಕ್ರೈ1ಎಸಿ, ಕ್ರೈ2ಎಬಿ. ಬಿಟಿ ಎಂಬ ಬ್ಯಾಕ್ಟೀರಿಯಾದಿಂದ ತಂದ ಇವು ಗಿಡದಲ್ಲೇ ಕಾಯಿಕೊರಕಕ್ಕೆ ವಿಷ ತಯಾರಿಸುತ್ತವೆ. ಬೆಲೆಗೂ ಕೇಂದ್ರ ಸರ್ಕಾರವೇ ಮಿತಿ ಹಾಕುತ್ತದೆ. 2024ರಲ್ಲಿ ಅದು 864 ರೂಪಾಯಿ. 'ಇದರಲ್ಲಿ ಬಿಟಿ ಜಾಸ್ತಿ' ಎಂದು ಅಂಗಡಿಯವರು ಮೇಲೆ ಕೇಳಿದರೆ ಕೊಡಬೇಡಿ. ಕಂಪನಿಯಿಂದ ಕಂಪನಿಗೆ ಬದಲಾಗುವುದು ತಳಿ, ಅಂದರೆ ಬೆಳೆಯ ಅವಧಿ, ಕಾಯಿಯ ಗಾತ್ರ, ಜಿಗಿಹುಳು ತಾಳುವ ಶಕ್ತಿ. ರಸ ಹೀರುವ ಕೀಟಗಳಿಗೆ ಬಿಟಿ ಏನೂ ಮಾಡದು, ಹಾಗಾಗಿ ಕೊನೆಯದನ್ನು ಕೇಳಿಯೇ ಕೊಳ್ಳಿ.

ಮೊದಲು 450 ಗ್ರಾಂ ಬಿಟಿ ಬೀಜದ ಜೊತೆ ಆಶ್ರಯ ಬೆಳೆಗೆಂದು (ಬಿಟಿ ತಾಳುವ ಹುಳುಗಳೇ ಹೆಚ್ಚದಂತೆ, ಸಾಮಾನ್ಯ ಹುಳುಗಳೂ ಬದುಕಲೆಂದು ಬಿಡುವ ಬೆಳೆ) 120 ಗ್ರಾಂ ಬಿಟಿಯಲ್ಲದ ಬೀಜ ಬೇರೆಯಾಗಿ ಬರುತ್ತಿತ್ತು. ಹೊಲದ ಸುತ್ತ ಬಿತ್ತಿದವರಿಗಿಂತ ಎಸೆದವರೇ ಹೆಚ್ಚು. ಈಗ ಶೇಕಡ 5ರಿಂದ 10ರಷ್ಟನ್ನು ಒಳಗೇ ಬೆರೆಸಿರುತ್ತಾರೆ. ಅಲ್ಲೊಂದು ಇಲ್ಲೊಂದು ಗಿಡಕ್ಕೆ ಹಸಿರು ಕಾಯಿಕೊರಕ ಬಿದ್ದರೆ ನಕಲಿ ಬೀಜ ಎಂದು ಕೂಗಾಡಬೇಕಿಲ್ಲ.

ಹಸಿರು ಕಾಯಿಕೊರಕಕ್ಕೆ ಈ ಬೀಜ ಇಂದಿಗೂ ಒಳ್ಳೆಯ ತಡೆ. ಗುಲಾಬಿ ಕಾಯಿಕೊರಕದ ಮುಂದೆ ಮಾತ್ರ ಸೋತಿದೆ. ದೋಷದ ಒಂದು ಪಾಲು ನಮ್ಮ ಹೈಬ್ರಿಡ್‌ಗಳಲ್ಲೇ ಇದೆ. ಬಿಟಿ ಜೀನು ಬರುವುದು ಒಂದು ಪೋಷಕ ತಳಿಯಿಂದ ಮಾತ್ರ. ಹಾಗಾಗಿ ಕಾಯಿಯೊಳಗಿನ ಬೀಜಗಳಲ್ಲಿ ಬಹುಪಾಲಿಗೆ ಎರಡು ವಿಷ, ಕೆಲವಕ್ಕೆ ಒಂದೇ, ಅಪರೂಪಕ್ಕೆ ಒಂದೂ ಇಲ್ಲ. ಈ ಹುಳು ತಿನ್ನುವುದು ಬೀಜವನ್ನೇ. ಅರೆಬರೆ ವಿಷ ಉಂಡು ಬದುಕಿದ್ದರ ಸಂತಾನ ಬಿಟಿಗೆ ಬಗ್ಗುವುದಿಲ್ಲ. ಸರ್ಕಾರ ಬೆಲೆಯ ಲೆಕ್ಕ ಹಿಡಿಯಿತು, ಬೆರಕೆಯ ಲೆಕ್ಕ ಹಿಡಿಯಿತು, ಹೈಬ್ರಿಡ್‌ನ ಈ ದೋಷದ ಗೊಡವೆಗೆ ಹೋಗಲಿಲ್ಲ.

ಆದ್ದರಿಂದ ಕಡಿಮೆ ಅವಧಿಯ ತಳಿ ಆರಿಸಿ. ಬಿತ್ತಿದ 45 ದಿನಕ್ಕೆ ಗಂಡು ಪತಂಗಗಳನ್ನು ವಾಸನೆಯಿಂದ ಸೆಳೆಯುವ ಮೋಹಕ ಬಲೆ ಎಕರೆಗೆ 2 ಕಟ್ಟಿ. ಬಲೆಯೊಂದಕ್ಕೆ ರಾತ್ರಿಗೆ 8 ಪತಂಗ, ಸತತ 3 ರಾತ್ರಿ ಬಿದ್ದರೆ, ಇಲ್ಲವೇ ನೂರರಲ್ಲಿ 10 ಹೂ ಅಥವಾ ಕಾಯಿ ಕೆಟ್ಟಿದ್ದರೆ ಸಿಂಪರಣೆಗೆ ಸಮಯವಾಯಿತು. ಮುದುಡಿ ಅಂಟಿಕೊಂಡ ಹೂಗಳನ್ನು ಕಿತ್ತು ನಾಶಮಾಡಿ. ಡಿಸೆಂಬರ್ ದಾಟಿಸಿ ನೀರು ಕೊಟ್ಟು ಎರಡನೇ ಫಸಲಿಗೆ ಆಸೆಪಟ್ಟರೆ ಹುಳಕ್ಕೆ ಮುಂದಿನ ಮುಂಗಾರಿನವರೆಗೂ ಮೇವು ಒದಗಿಸಿದಂತೆ.

ಬಿಲ್ಲಿಲ್ಲದೆ ಮಾರುವ, ಕಳೆನಾಶಕ ತಾಳುವ ಹತ್ತಿ ಬೀಜ ಬೇರೆಯೇ ವಿಷಯ. ಅದಕ್ಕೆ ಜಿಇಎಸಿ ಒಪ್ಪಿಗೆಯಿಲ್ಲ, ಮೊಳಕೆ ಬಾರದಿದ್ದರೆ ದೂರು ಕೊಡಲು ದಾರಿಯೂ ಇಲ್ಲ. ಅಧಿಕೃತ ಪೊಟ್ಟಣವನ್ನು ಚೀಟಿ ಹರಿಯದಂತೆ ಕತ್ತರಿಸಿ, ಲಾಟ್ ಸಂಖ್ಯೆ, ಬಿಲ್ಲು, ಒಂದು ಹಿಡಿ ಬೀಜ ಕೊಯ್ಲಿನವರೆಗೆ ಇಟ್ಟುಕೊಳ್ಳಿ. ಮೊಳಕೆ ಶೇಕಡ 75ಕ್ಕಿಂತ ಕಡಿಮೆ ಬಂದರೆ ಇವುಗಳೊಂದಿಗೆ ನೇರ ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ.