ಕ್ಯಾನ್ಸರ್ ಹರಡಿದ ಗಂಡಸರಿಗೆ ಫೋನಿನಲ್ಲಿ ಧ್ಯಾನ: ಎಂಟು ವಾರಗಳ ತರಗತಿಯ ವಿಮರ್ಶೆ

ಮೂಳೆಗಳಿಗೆ ಹರಡಿದ ಪ್ರಾಸ್ಟೇಟ್ (ಗಂಡಸರಲ್ಲಿ ಮೂತ್ರಕೋಶದ ಕೆಳಗಿರುವ ಗ್ರಂಥಿ) ಕ್ಯಾನ್ಸರ್ ಇರುವ ನಮ್ಮ ತಂದೆಯವರನ್ನು ಬೆಂಗಳೂರಿನ ಒಂದು ಖಾಸಗಿ ಸಂಸ್ಥೆಯ ಮೈಂಡ್‌ಫುಲ್‌ನೆಸ್, ಅಂದರೆ ಈ ಕ್ಷಣದಲ್ಲಿ ಆಗುತ್ತಿರುವುದರತ್ತ ಗಮನವಿಡುವ ಧ್ಯಾನದ ತರಗತಿಗೆ ಸೇರಿಸಿದ್ದೆವು. ಎಂಟು ವಾರಗಳ ಕಾಲ ವಾರಕ್ಕೊಮ್ಮೆ ಫೋನಿನಲ್ಲಿ ಗುಂಪು ತರಗತಿ ನಡೆಯುತ್ತದೆ. ದಿನನಿತ್ಯದ ಅಭ್ಯಾಸಕ್ಕೆ ಬೇಕಾದ ಧ್ವನಿಮುದ್ರಿಕೆಗಳು ವಾಟ್ಸಾಪ್‌ನಲ್ಲಿ ಬರುತ್ತವೆ. ಆಸ್ಪತ್ರೆಗೆ ಅಲೆದೇ ಸುಸ್ತಾಗಿರುವವರಿಗೆ ಮತ್ತೊಂದು ಕಡೆಗೆ ಹೋಗುವ ಕಷ್ಟವಿಲ್ಲ ಎಂಬುದು ಇದರ ಮೊದಲ ಅನುಕೂಲ.

1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದಲ್ಲಿ ಜಾನ್ ಕಬಟ್-ಝಿನ್ ಆರಂಭಿಸಿದ ಕ್ರಮವೂ, ಖಿನ್ನತೆ ಮರುಕಳಿಸದಿರಲೆಂದು ಅದರ ಆಧಾರದ ಮೇಲೆ ಮುಂದೆ ರೂಪಿಸಿದ ಚಿಕಿತ್ಸೆಯೂ ಈ ಪಾಠಗಳ ಮೂಲ. ಒಂದೇ ಒಂದು ಒಣದ್ರಾಕ್ಷಿಯನ್ನು ನೋಡಿ, ಮೂಸಿ, ನಿಧಾನವಾಗಿ ಅಗಿಯುವ ಪ್ರಸಿದ್ಧ ಅಭ್ಯಾಸದಿಂದಲೇ ಇಲ್ಲಿಯೂ ಆರಂಭ. ಅದು ಮುಗಿದ ಕೂಡಲೇ ನಿವೃತ್ತ ಮೇಷ್ಟ್ರೊಬ್ಬರು, "ಮೇಡಂ, ದ್ರಾಕ್ಷಿ ತಿಂದದ್ದಾಯಿತು, ಈಗ ಸೊಂಟದ ನೋವಿಗೆ ಏನು ಮಾಡಲಿ?" ಎಂದರು. ಎಲ್ಲರೂ ನಕ್ಕರಾದರೂ, ಆ ಪ್ರಶ್ನೆಗೆ ತರಗತಿ ಕೊನೆಯವರೆಗೂ ಸರಿಯಾದ ಉತ್ತರ ಕೊಡಲಿಲ್ಲ. ಅಂಗಾಲಿನಿಂದ ನೆತ್ತಿಯವರೆಗೆ ಒಂದೊಂದೇ ಅಂಗಕ್ಕೆ ಗಮನ ಹರಿಸುವ ಬಾಡಿ ಸ್ಕ್ಯಾನ್‌ಗೆ ನೆಲದ ಮೇಲೆ ಅಂಗಾತ ಮಲಗಿ ಎನ್ನುತ್ತಾರೆ. ಬೆನ್ನುಮೂಳೆಯಲ್ಲೇ ಗಡ್ಡೆ ಇರುವವರಿಗೆ ಅದು ಆಗುವ ಮಾತಲ್ಲ. ನೋಯುವ ಜಾಗಕ್ಕೇ ಗಮನ ಹೋದಾಗ ಕೆಲವರಿಗೆ ನೋವು ಹೆಚ್ಚಾಗುವುದೂ ಉಂಟು. ಕುರ್ಚಿಯಲ್ಲಿ ಕುಳಿತು ಹೊರಗಿನ ಸದ್ದುಗಳಿಗೆ ಕಿವಿಗೊಡುವ ಬದಲಿ ಅಭ್ಯಾಸವನ್ನು ಮೊದಲ ದಿನವೇ ಹೇಳಿಕೊಡಬೇಕಿತ್ತು.

ನಿಜವಾಗಿ ಉಪಯೋಗಕ್ಕೆ ಬಂದದ್ದು ಮೂರು ನಿಮಿಷಗಳ ಉಸಿರಾಟದ ಅಭ್ಯಾಸ. ಈ ಕ್ಯಾನ್ಸರಿನ ಏರಿಳಿತ ತಿಳಿಯಲು ಮಾಡುವ ಪಿಎಸ್‌ಎ ಪರೀಕ್ಷೆಗೆ ರಕ್ತ ಕೊಟ್ಟು ಬಂದ ದಿನ ನಮ್ಮ ತಂದೆಯವರು ವರದಿ ಬರುವವರೆಗೂ "ಲ್ಯಾಬಿಗೆ ಫೋನ್ ಮಾಡು" ಎಂದು ಮನೆಮಂದಿಯನ್ನೆಲ್ಲ ಪೀಡಿಸುತ್ತಿದ್ದರು. "ಯೋಚನೆಯನ್ನು ಓಡಿಸಲು ಹೋಗಬೇಡಿ ಸರ್, ಬಂದಿದೆ ಎಂದು ಗುರುತಿಸಿದರೆ ಸಾಕು" ಎಂಬ ಶಿಕ್ಷಕಿಯ ಮಾತು ಅವರಿಗೆ ನಾಟಿತು. ಆತಂಕ ಹೋಗಲಿಲ್ಲ, ಆದರೆ ಲ್ಯಾಬಿನವರಿಗೆ ಕಾಟ ತಪ್ಪಿತು.

ತರಗತಿಯ ದೊಡ್ಡ ಲೋಪ ಗಂಡಸರ ವಿಷಯದಲ್ಲಿನ ಸಂಕೋಚ. ಈ ಕ್ಯಾನ್ಸರಿಗೆ ಕೊಡುವ, ಟೆಸ್ಟೋಸ್ಟೆರಾನ್ ಎಂಬ ಗಂಡು ಹಾರ್ಮೋನನ್ನು ಇಳಿಸುವ ಚುಚ್ಚುಮದ್ದಿನಿಂದ ಮೈಯೆಲ್ಲ ಬಿಸಿಯೇರಿ ಬೆವರುತ್ತದೆ, ಆಯಾಸ ಬಿಡುವುದಿಲ್ಲ, ಕಾಮಾಸಕ್ತಿ ಕುಂದುತ್ತದೆ, ಕೆಲವರಿಗೆ ಸಣ್ಣ ಮಾತಿಗೂ ಕಣ್ಣು ತುಂಬುತ್ತದೆ. ಜೀವನವಿಡೀ ಮನೆಯವರ ಮುಂದೆ ಅಳದಿದ್ದವರಿಗೆ ಇದು ಔಷಧದ ಪರಿಣಾಮವೂ ಇರಬಹುದು ಎಂದು ಯಾರಾದರೂ ಹೇಳಿದರೇ ಅರ್ಧ ಭಾರ ಇಳಿದೀತು. ಪಾಠದಲ್ಲಿ ಈ ಮಾತು ಒಮ್ಮೆಯೂ ಬರಲಿಲ್ಲ. ಬಂದದ್ದು ತರಗತಿ ಮುಗಿದ ಮೇಲೆ, ಶಿಕ್ಷಕಿ ಫೋನಿಟ್ಟ ನಂತರವೂ ತೆರೆದಿರುತ್ತಿದ್ದ ಲೈನಿನಲ್ಲಿ. ಅಲ್ಲಿ ಬೆವರಿನ ಮಾತು, ಮಾರ್ಫಿನ್ ಮಾತ್ರೆಯ ಮಲಬದ್ಧತೆಯ ಮಾತು, ಬಸ್ಸಿನಲ್ಲಿ ಮೂತ್ರ ತಡೆಯಲಾಗದ ಪೇಚಾಟ ಎಲ್ಲವೂ ಸಲೀಸಾಗಿ ಹೊರಬರುತ್ತಿದ್ದವು. ಕೊಟ್ಟ ಹಣ ಸಾರ್ಥಕವಾದದ್ದು ಆ ಹತ್ತು ನಿಮಿಷಗಳಲ್ಲಿ ಎಂದು ನನ್ನ ಭಾವನೆ.

ಸಂಸ್ಥೆಯ ಜಾಹೀರಾತು "ಮನಸ್ಸಿನ ಸಂಕಟ ಮಾಯ" ಎನ್ನುತ್ತದೆ. ಇಷ್ಟು ದೊಡ್ಡ ಭರವಸೆಗೆ ಆಧಾರವಿಲ್ಲ. ಪ್ರಾಸ್ಟೇಟ್ ಕ್ಯಾನ್ಸರ್ ಮುಂದುವರಿದ 189 ಗಂಡಸರ ಮೇಲೆ ಆಸ್ಟ್ರೇಲಿಯಾದಲ್ಲಿ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಇದೇ ರೀತಿ ಫೋನಿನಲ್ಲಿ ಎಂಟು ವಾರ ನಡೆಸಿದ ತರಬೇತಿಯಿಂದ, ಸಾಮಾನ್ಯ ಆರೈಕೆಯ ಜೊತೆಗೆ ಒಂದಿಷ್ಟು ಮಾಹಿತಿ ಪಡೆದವರಿಗಿಂತ ಹೆಚ್ಚಾಗಿ ಮಾನಸಿಕ ಸಂಕಟ ಕಡಿಮೆಯಾಗಲಿಲ್ಲ. ಹಾಗೆಂದು ಧ್ಯಾನ ವ್ಯರ್ಥವೆಂದಲ್ಲ. ಕೆಲವರಿಗೆ ಒಗ್ಗುತ್ತದೆ, ಕೆಲವರಿಗೆ ಇಲ್ಲ. ಒಗ್ಗದವರಿಗೆ "ನೀವು ಅಭ್ಯಾಸ ಮಾಡುತ್ತಿಲ್ಲ" ಎಂದು ಪ್ರತಿವಾರ ನೆನಪಿಸಿದ್ದು ಮಾತ್ರ ನನಗೆ ಸರಿಬರಲಿಲ್ಲ.

ಸೇರಬೇಕೆನ್ನುವವರು ಮೊದಲು ಪ್ಯಾಲಿಯೇಟಿವ್ (ನೋವು, ಸಂಕಟ ಶಮನದ) ವೈದ್ಯರನ್ನು ಕಂಡು ನೋವನ್ನು ಹತೋಟಿಗೆ ತಂದುಕೊಳ್ಳಲಿ. ನೋವು ತಾರಕಕ್ಕೇರಿರುವಾಗ ಉಸಿರು ಎಣಿಸುವುದು ಹಿಂಸೆಯೇ ಸರಿ. ಹಣ ಕಟ್ಟಲಾಗದವರಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಉಚಿತ, ಕನ್ನಡದಲ್ಲೂ ಮಾತನಾಡಬಹುದು. ಈ ತರಗತಿಗೆ ನಾನು ಕೊಡುವುದು ಐದಕ್ಕೆ ಮೂರು ಅಂಕ. ಪಾಠವನ್ನು ಅರ್ಧ ಗಂಟೆಗೆ ಇಳಿಸಿ, ಉಳಿದ ಸಮಯವನ್ನು ಆ ಗಂಡಸರ ಮಾತುಕತೆಗೇ ಬಿಟ್ಟುಕೊಟ್ಟರೆ ಇನ್ನೊಂದು ಅಂಕ ಸೇರಿಸಲು ನನ್ನ ಅಭ್ಯಂತರವಿಲ್ಲ.